ಮೂರು ನೀರಿಗೆ ಒಂದೇ ಕೋಲು

ಕುಸುಬಿ ಎಣ್ಣೆಯ ವಾಸನೆ ಈಗ ಅಪರೂಪ. ಮೊನ್ನೆ ರಾಯಚೂರಿನ ಗಾಣದ ಅಂಗಡಿಯೊಂದರ ಮುಂದೆ ಹಾದುಹೋಗುವಾಗ ಅದು ಮೂಗಿಗೆ ಬಡಿದದ್ದೇ ತಡ, ನಡುಬೀದಿಯಲ್ಲಿ ನಿಂತುಬಿಟ್ಟೆ. ಹಿಂದಿನಿಂದ ಬಂದ ಸೈಕಲ್ಲಿನವನು ಬೈದುಕೊಂಡು ಹೋದ. ಬೈಯಲಿ. ನನ್ನ ಕಣ್ಣ ಮುಂದೆ ಆಗ ಬೀದಿ ಇರಲಿಲ್ಲ. ಮಾನ್ವಿಯ ನಮ್ಮ ಮಣ್ಣಿನ ಮಾಳಿಗೆ ಮನೆಯ ಅಡುಗೆಕೋಣೆ ಇತ್ತು, ಒಲೆಯ ಪಕ್ಕದ ತೊಲೆಗೆ ಜೋತುಬಿದ್ದ ಬಿದಿರಿನ ಗಾಳದ ಕೋಲು ಇತ್ತು, ಕೆಳಗೆ ಕೂತು ರೊಟ್ಟಿ ಬಡಿಯುತ್ತಾ ಗೊಣಗುವ ಅವ್ವ ಇದ್ದಳು. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಸಿಮೆಂಟಿನ ಅಂಗಡಿಗಳು ಎದ್ದಿವೆ. ನಿಮಗೂ ಇಂಥದೊಂದು ಮನೆ ಇದ್ದಿರಬೇಕು, ಇಲ್ಲದಿದ್ದರೆ ಇದನ್ನು ಓದಲು ಕೂರುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹುಸೇನಪ್ಪ ಕಾಕಾ ನನ್ನ ಅಪ್ಪನ ಕಡೇ ತಮ್ಮ. ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸ, ರಜೆ ಸಿಕ್ಕರೆ ನೀರಿನ ದಂಡೆ. ಮನೆ ತುಂಬ ಗಂಡುಹುಡುಗರಿದ್ದರೂ ಅವನ ಬೆನ್ನು ಹತ್ತಿದ್ದವಳು ನಾನೊಬ್ಬಳೇ. ಹುಡುಗರಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಎರೆಹುಳು ಸಿಕ್ಕಿಸುವುದು, ಜೋಳದ ದಂಟಿನ ಬೆಂಡನ್ನು ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವುದು, ಆ ಬೆಂಡು ಮುಳುಗುವ ತನಕ ಉಸಿರು ಬಿಗಿಹಿಡಿಯುವುದು, ಎಲ್ಲವನ್ನೂ ಅವನೇ ಕಲಿಸಿದ. ಆದರೆ ನಮ್ಮ ಕೋಲುಗಳೆಂದರೆ ಹೊಲದಿಂದ ಎಳೆದು ತಂದ ತೊಗರಿ ಕಟ್ಟಿಗೆ. ಹಿಡಿಯಷ್ಟು ದಪ್ಪದ ಮೀನು ಬಿದ್ದರೆ ಸಾಕು, ಪಟಕ್ಕನೆ ಮುರಿದು ನಮ್ಮ ಮಾನ ತೆಗೆಯುತ್ತಿದ್ದವು. ಒಳ್ಳೆಯ ಬಿದಿರು ತರೋಣವೆಂದರೆ ಅವನಿಗೆ ಬೇಕಾದದ್ದು ಒಂದಲ್ಲ. ಹಿರೇಕೊಟ್ನೆಕಲ್ ಕಡೆಯ ಹಳ್ಳದಲ್ಲಿ ತಲೆಯ ಮೇಲೇ ಜಾಲಿ ಮುಳ್ಳು, ಅಲ್ಲಿಗೆ ಗಿಡ್ಡ ಕೋಲು ಬೇಕು. ಕಾಲುವೆಯಲ್ಲಿ ದಂಡೆಯ ಜೊಂಡು ದಾಟಿ ಗಾಳ ಬೀಳಬೇಕು, ಅಲ್ಲಿಗೆ ಉದ್ದದ್ದು. ತುಂಗಭದ್ರೆಗೆ ಇಳಿದರೆ ಬಾಳೆಮೀನು ಎಳೆಯುವ ಎಳೆತಕ್ಕೆ ದಪ್ಪದ್ದು. ಅವ್ವ ಇದನ್ನೆಲ್ಲ ಕೇಳಿ ತೀರ್ಪು ಕೊಟ್ಟಳು: "ಮನ್ಯಾಗ ಒಂದ ಕೋಲಿಗೆ ಜಾಗ ಅದ. ಎರಡನೇದು ಕಣ್ಣಿಗೆ ಬಿತ್ತಂದ್ರ ಒಲಿಗೆ ಇಡ್ತೀನಿ ನೋಡು."

ಹೀಗಾಗಿ ಮೂರು ನೀರಿಗೂ ಹೊಂದುವ ಒಂದೇ ಕೋಲನ್ನು ಆರಿಸಲು ನಾವಿಬ್ಬರು ಬೆಳಗಿನ ಬಸ್ಸಿಗೆ ರಾಯಚೂರಿಗೆ ಹೋದೆವು. ಮೇದಾರರ ಓಣಿಯಲ್ಲಿ ಗೋಡೆಗೆ ಆನಿಸಿದ ಬಿದಿರಿನ ರಾಶಿ, ಹಸಿ ಬಿದಿರಿನ ಒಗರು ವಾಸನೆ, ನೆರಳಿನಲ್ಲಿ ಬುಟ್ಟಿ ಹೆಣೆಯುವ ಹೆಂಗಸರು. ಕಾಕಾ ಒಂದೊಂದನ್ನೇ ಎತ್ತಿ ಕಣ್ಣು ಕಿರಿದು ಮಾಡಿ ನೋಡಿದ. ಗಿಣ್ಣುಗಳು ಹತ್ತಿರ ಹತ್ತಿರ ಇರಬೇಕು, ಒಳಗೆ ಪೊಳ್ಳು ಇರಬಾರದು, ಬುಡ ಹಿಡಿದವರ ಹಿಡಿತಕ್ಕೆ ಸಿಗಬೇಕು. ಹಿಡಿತವೆಂದರೆ ನನ್ನದು. ಪ್ರತಿಯೊಂದನ್ನೂ ನನ್ನ ಕೈಗೆ ಕೊಟ್ಟು ಝಾಡಿಸಲು ಹೇಳಿದ. "ಹುಲಿಗಿ, ತುದಿ ನಡುಗಬೇಕು, ನಿನ್ನ ಮಣಿಕಟ್ಟು ನಡುಗಬಾರ್ದು. ಕೋಲು ನಿಂದು. ನಿನ್ನ ಕೈ ಹೂಂ ಅಂದ್ರಷ್ಟ ತಗೊಳೋದು." ಬಿಸಿಲೇರಿದರೂ ನನ್ನ ಕೈ ಹೂಂ ಅನ್ನಲಿಲ್ಲ. ಬುಟ್ಟಿ ಹೆಣೆಯುತ್ತಿದ್ದ ಮುದುಕಿಗೆ ಸಾಕಾಯಿತು. "ಏನಪಾ, ಕೋಲು ಆರಿಸಾಕ ಬಂದೀಯೋ, ಕನ್ಯಾ ಆರಿಸಾಕ ಬಂದೀಯೋ?" ಎಂದಳು. ಕಾಕಾ ಕಿವಿವರೆಗೆ ಕೆಂಪಾದ. ಕೊನೆಗೆ ಸಿಕ್ಕಿತು. ಅವನು ಕೈ ಮೇಲೆತ್ತಿದರೆ ಎಷ್ಟೋ ಅಷ್ಟೇ ಉದ್ದ, ಹಳ್ಳಕ್ಕೆ ತುಸು ಹೆಚ್ಚು, ಕಾಲುವೆಗೆ ತುಸು ಕಡಿಮೆ. ಝಾಡಿಸಿದರೆ ತುದಿ ಮಾತ್ರ ಸಣ್ಣಗೆ ಅದುರಿ ನಿಂತಿತು. ಬಸ್ಸಿನ ಮೇಲೆ ಕಟ್ಟಲು ಮನಸ್ಸಾಗದೆ ಕಂಡಕ್ಟರನಿಂದ ಬೈಸಿಕೊಳ್ಳುತ್ತಲೇ ಕಾಲಡಿ ಇಟ್ಟುಕೊಂಡು ಬಂದೆವು.

ಹಸಿ ಬಿದಿರು ತಂದ ದಿನವೇ ನೀರಿಗೆ ಹೋಗುವಂತಿಲ್ಲ. ಮೈಗೆಲ್ಲ ಕುಸುಬಿ ಎಣ್ಣೆ ತಿಕ್ಕಿ, ತುದಿಗೆ ಕಲ್ಲು ಕಟ್ಟಿ, ಒಲೆಯ ಹೊಗೆ ತಾಗುವ ಹಾಗೆ ತೂಗುಹಾಕಬೇಕು. ಕಲ್ಲಿನ ಭಾರಕ್ಕೆ ಡೊಂಕು ಹೋಗುತ್ತದೆ, ಹೊಗೆಗೆ ಹುಳ ಹತ್ತುವುದಿಲ್ಲ, ಎಣ್ಣೆಗೆ ನೀರು ಹಿಡಿಯುವುದಿಲ್ಲ. ಆ ಚಳಿಗಾಲವೆಲ್ಲ ಎಣ್ಣೆ ತಿಕ್ಕುವ ಕೆಲಸ ನನ್ನದೇ. ಸಾಲಿಯಿಂದ ಬಂದವಳು ಪಾಟಿಚೀಲ ಒಗೆದು ನೇರ ಅಡುಗೆಕೋಣೆಗೆ. ಮಸಿ ಉದುರಿ ಸಾರಿಗೆ ಬಿತ್ತೆಂದು ಅವ್ವ ಬಾಯಿ ಮಾಡುತ್ತಿದ್ದಳು, ಆದರೂ ಎಣ್ಣೆಯ ಕುಡಿಕೆಯನ್ನು ನನ್ನ ಕೈಗೆಟಕುವಲ್ಲೇ ಇಡುತ್ತಿದ್ದಳು. ಯುಗಾದಿಯ ಹೊತ್ತಿಗೆ ಕೋಲು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಹಿಡಿಯುವ ಕಡೆ ನನ್ನ ಹಳೇ ಲಂಗದ ಹಸಿರು ಅಂಚನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದೆ. ಅದರಿಂದ ಕಾಲುವೆಯಲ್ಲಿ ಮೊದಲ ಕೊರಮೀನು ಎಳೆದಾಗ ಕಾಕಾ ದಂಡೆಯ ಮೇಲೆ ಕುಣಿದ. ಅಷ್ಟು ಸಂತೋಷವನ್ನು ನನಗೆ ಆಮೇಲೆ ಯಾರೂ ಕೊಡಲಿಲ್ಲ. ಇದನ್ನು ಸಿಟ್ಟಿನಲ್ಲೇ ಹೇಳುತ್ತಿದ್ದೇನೆ.

ಆ ಬೇಸಿಗೆ ಕಾಕಾ ಒಬ್ಬನೇ ಕೋಲು ಹಿಡಿದು ದೇವದುರ್ಗಕ್ಕೆ ಹೋದ. ಕೃಷ್ಣೆಯಲ್ಲಿ ಒಂದು ಕೈ ನೋಡುತ್ತೇನೆ ಎಂದಿದ್ದ. ಬರಿಗೈಯಲ್ಲಿ ಬಂದ. ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ತಲೆ ಸವರುತ್ತಾ, ಆಳೆತ್ತರದ ಬಾಳೆಮೀನು ಗಾಳ ನುಂಗಿದ್ದು, ಮಡುವಿಗೆ ಎಳೆದದ್ದು, ನಡುಗಿಣ್ಣಿನಲ್ಲಿ ಕೋಲು ಮುರಿದು ನೀರಿನಲ್ಲಿ ಹರಿದುಹೋದದ್ದು ಎಲ್ಲ ಹೇಳಿದ. "ಮುರೀತವ್ವಾ. ನನ್ನ ಕೈಯಾರ ಮುರೀತು," ಎಂದಾಗ ಅವನ ಕಣ್ಣಲ್ಲಿ ನೀರಿತ್ತು. ನಾನು ಅತ್ತೆ, ಅತ್ತು ಅವನನ್ನೇ ಸಮಾಧಾನ ಮಾಡಿದೆ. ಮರುದಿನ ಸಾಲಿಯಲ್ಲಿ ಆ ಮೀನಿನ ಕಥೆಯನ್ನು ನನ್ನದೂ ಒಂದಿಷ್ಟು ಸೇರಿಸಿ ಎಲ್ಲರಿಗೂ ಹೇಳಿದೆ. ನಮ್ಮ ಕೋಲನ್ನು ಮುರಿಯಲು ಅಂಥ ಮೀನೇ ಬೇಕಾಯಿತು ಎಂಬ ಹೆಮ್ಮೆ ನನಗೆ.

ಮಳೆಗಾಲಕ್ಕೆ ಮೊದಲೇ ಕಾಕಾನ ಮದುವೆ ದೇವದುರ್ಗದಲ್ಲಿ ಆಯಿತು. ಹೆಣ್ಣಿನ ಮನೆಯ ಹಿತ್ತಲಿಗೆ ಕೈ ತೊಳೆಯಲು ಹೋದವಳಿಗೆ ಕೋಳಿಗೂಡಿನ ಪಕ್ಕ ಗೋಡೆಗೆ ಆನಿಸಿದ್ದ ಕೋಲು ಕಂಡಿತು. ಬೆಲ್ಲದ ಬಣ್ಣ. ಹಸಿರು ಅಂಚು. ನನ್ನ ಗಂಟು. ಮದುಮಗಳ ತಮ್ಮ, ಮೀಸೆ ಚಿಗುರಿದವನು, ನಾನು ನೋಡುವುದನ್ನು ಕಂಡು ಬೀಗಿದ. "ಮುಟ್ಟಬ್ಯಾಡ, ನಮ್ಮ ಮಾಮಾ ಕೊಟ್ಟಾರ. ಹೆಣ್ಣು ನೋಡಾಕ ಬಂದಾಗ ತಂದಿದ್ರು. ನನಗಂತ ರಾಯಚೂರಾಗ ಆರಿಸಿ ತಂದಾರಂತ." ಹೆಣ್ಣಿನ ತಮ್ಮನ ಕೈಗೆ ಮನಸ್ಸಿಗೆ ಒಪ್ಪುವ ವಸ್ತು ಇಟ್ಟು ಮಾತು ಮುಂದುವರಿಸುವುದು ನಮ್ಮವರಲ್ಲಿ ಪದ್ಧತಿ. ಆ ಹುಡುಗನಿಗೆ ಮೀನಿನ ಹುಚ್ಚು. ನಾನು ಒಳಗೆ ಓಡಿದೆ. ಬಾಸಿಂಗ ಕಟ್ಟಿಕೊಂಡು ಕೂತಿದ್ದ ಕಾಕಾ ನನ್ನ ಮುಖ ನೋಡಿದ, ಅವನಿಗೆ ಎಲ್ಲ ತಿಳಿಯಿತು, ಮುಖ ಆಚೆ ತಿರುಗಿಸಿದ. ಅವ್ವನ ಸೆರಗು ಹಿಡಿದು ಎಳೆದರೆ ಅವಳು ದನಿ ತಗ್ಗಿಸಿ ಗದರಿದಳು: "ಸುಮ್ಕಿರು. ನಮಗ್ಯಾರಿಗೂ ಗೊತ್ತಿಲ್ಲಂತ ಮಾಡೀದಿ ಏನು? ದೊಡ್ಡಾಕಿ ಆಗಾಕತ್ತೀದಿ, ಹೆಣ್ಣಮಗಳಿಗೆ ಗಾಳ ಯಾಕ ಬೇ?" ಅಂದರೆ ಅವಳಿಗೂ ಗೊತ್ತಿತ್ತು. ಅಪ್ಪನಿಗೂ, ಅಜ್ಜಿಗೂ. ನಾನು ಆ ಬಾಳೆಮೀನಿನ ಕಥೆಯನ್ನು ಕೈ ಅಗಲಿಸಿ ಮತ್ತೆ ಮತ್ತೆ ಹೇಳುವಾಗ ಇಡೀ ಮನೆ ಸುಮ್ಮನೆ ಕೇಳಿಸಿಕೊಂಡಿತ್ತು.

ಆಮೇಲೆ ನಾನು ನೀರಿನ ದಂಡೆಗೆ ಹೋಗಲಿಲ್ಲ, ಅವನೂ ಕರೆಯಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ ಎಂಬುದನ್ನು ಮಾತ್ರ ಅವನಿಗೆ ಒಮ್ಮೆ ಹೇಳಬೇಕೆಂದು ಬಹಳ ವರ್ಷ ಇಟ್ಟುಕೊಂಡಿದ್ದೆ. ಅವನು ಮುದುಕನಾಗಿ ರಾಯಚೂರಿನಲ್ಲಿ ಮಗನ ಮನೆಯಲ್ಲಿ ಹಾಸಿಗೆ ಹಿಡಿದಾಗ ನೋಡಲು ಹೋದೆ. ಕೋಲಿನ ಮಾತು ತೆಗೆದದ್ದೇ ಅವನ ಮುಖ ಬೆಳಗಿತು. ಗಿಣ್ಣುಗಳ ಅಂತರವನ್ನು ಬೆರಳಲ್ಲಿ ತೋರಿಸಿದ, ತುದಿ ಅದುರಿದ್ದನ್ನು ಕೈಯಾಡಿಸಿ ತೋರಿಸಿದ, ಮೇದಾರ ಮುದುಕಿ ಚೇಷ್ಟೆ ಮಾಡಿದ್ದನ್ನು ಅವಳದೇ ದನಿಯಲ್ಲಿ ಹೇಳಿ ನಕ್ಕ, ಬೈದ ಕಂಡಕ್ಟರನನ್ನು ಈಗಲೂ ಬೈದ. "ನನ್ನ ಹೆಂಡ್ತಿ ತಮ್ಮಗಂತ ಆರಿಸಿದ್ದೆ ನೋಡವ್ವಾ," ಎಂದ. ನಾನು ಅವನ ಕೈ ಹಿಡಿದು ಕೇಳಿದೆ: "ಅವತ್ತು ನಿನ್ನ ಜೋಡಿ ಯಾರಿದ್ರು, ಕಾಕಾ?"

ಅವನು ಯೋಚಿಸಿದ. ನಿಜವಾಗಿ ಯೋಚಿಸಿದ, ಸುಳ್ಳಾಡಲಿಲ್ಲ.

"ಯಾರಿದ್ರವ್ವಾ? ನಾ ಒಬ್ಬನ ಹೋಗಿದ್ದೆ."

ಹೊದಿಕೆ ಸರಿಮಾಡಿ ಎದ್ದು ಬಂದೆ. ಸ್ವಲ್ಪ ದಿನಕ್ಕೆ ಅವನು ಹೋದ. ಕೋಲು ಕಸಿದದ್ದನ್ನು ಹೇಗೋ ನುಂಗಿಕೊಂಡಿದ್ದೆ. ಕೋಲು ಆರಿಸಿದ ಆ ದಿನದೊಳಗಿಂದ ನನ್ನನ್ನೇ ತೆಗೆದುಹಾಕಿದ್ದನ್ನು ನುಂಗಲು ಆಗುತ್ತಿಲ್ಲ. ಈಗ ಅವ್ವ ಇಲ್ಲ, ಅವನೂ ಇಲ್ಲ, ಕೇಳಿ ತಿಳಿದುಕೊಳ್ಳಲು ಯಾರೂ ಉಳಿದಿಲ್ಲ. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ. ಆ ಬೆಳಿಗ್ಗೆ ನಾವು ಇಬ್ಬರು ಹೋಗಿದ್ದೆವು.