ನಮ್ಮ ಪಡಸಾಲೆಯ ಚುನಾವಣೆ

ಮೊನ್ನೆ ನಮ್ಮ ಶಾಲೆಯ ಬಿಸಿಯೂಟದ ಕೋಣೆಯ ಹಿಂದೆ ಅಡುಗೆಯಾಕೆ ಹುಣಸೆಬೀಜ ಹುರಿಯುತ್ತಿದ್ದಳು. ನಾನು ಎಂಟನೆಯ ತರಗತಿಗೆ ಗ್ರಾಮಸಭೆಯ ಪಾಠ ಹೇಳುತ್ತಿದ್ದೆ. ಕಿಟಕಿಯಿಂದ ಆ ವಾಸನೆ ಒಳಗೆ ಬಂದದ್ದೇ ತಡ, ಹೇಳುತ್ತಿದ್ದ ಮಾತು ಅರ್ಧಕ್ಕೆ ನಿಂತಿತು. ಸ್ವಲ್ಪ ಸುಟ್ಟ, ಸ್ವಲ್ಪ ಸಿಹಿಯಾದ, ಒಗರು ಬೆರೆತ ವಾಸನೆ. "ಏನಾತ್ರಿ ಟೀಚರ್?" ಎಂದರು ಹುಡುಗರು. ಏನೂ ಇಲ್ಲವೆಂದು ಹಲಗೆಯ ಕಡೆ ತಿರುಗಿ ನಿಂತೆ. ಟೀಚರ ಕಣ್ಣು ತುಂಬಿದ್ದನ್ನು ಮಕ್ಕಳು ನೋಡಿದರೆ ಆ ದಿನದ ಪಾಠ ಮುಗಿದ ಹಾಗೆಯೇ. ನಿಮಗೂ ಅಂಥದ್ದೊಂದು ಮನೆ ಇದ್ದೀತು, ಈಗ ಇಲ್ಲದ್ದು, ಯಾವುದೋ ವಾಸನೆಯ ಬೆನ್ನು ಹತ್ತಿ ಕರೆಯದೆ ಬರುವಂಥದ್ದು. ನನ್ನದು ಗೋಕಾಕದ ಹಳೆಯ ಊರಿನ ಒಂದು ಓಣಿಯಲ್ಲಿತ್ತು. ಬೆಳಗಿನಿಂದ ಸಂಜೆಯವರೆಗೆ ಆ ಮನೆಯ ತುಂಬ ಹುಣಸೆಬೀಜದ್ದೇ ವಾಸನೆ.

ಅಜ್ಜ ಕಟ್ಟಿಗೆಯ ಹಣ್ಣು-ಕಾಯಿ ಮಾಡುತ್ತಿದ್ದ. ಹಗುರವಾದ ಕಟ್ಟಿಗೆಯನ್ನು ಕೆತ್ತಿ ಕೆತ್ತಿ ಮಾವು, ಬಾಳೆ, ಪೇರಲ, ಬದನೆ ಎಲ್ಲವನ್ನೂ ಅಂಗೈಯಲ್ಲಿ ಹುಟ್ಟಿಸುತ್ತಿದ್ದ. ಅಜ್ಜಿಗೆ ನಾವು ಆಯಿ ಎನ್ನುತ್ತಿದ್ದೆವು. ಆಯಿ ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ ರುಬ್ಬಿ, ದೊಡ್ಡ ಬೋಗುಣಿಯಲ್ಲಿ ಅಂಟು ಕುದಿಸುತ್ತಿದ್ದಳು. ಕೆತ್ತಿದ ಕಟ್ಟಿಗೆಯ ಮೈಗೆ ಆ ಅಂಟು ಬಳಿದು ನುಣುಪು ಮಾಡಿದ ಮೇಲೆಯೇ ಬಣ್ಣ. ಅಪ್ಪ ಸಿದ್ಧವಾದ ಸರಕನ್ನು ಬುಟ್ಟಿಗೆ ತುಂಬಿ ಜಲಪಾತ ನೋಡಲು ಬರುವ ಮಂದಿಗೆ ಮಾರಿಕೊಂಡು ಬರುತ್ತಿದ್ದ. ಅವ್ವನಿಗೆ ಒಲೆಯೂ ನಾನೂ ಸಾಕಾಗಿದ್ದೆವು. ಬಣ್ಣದ ಕೆಲಸ ಮಾತ್ರ ಅತ್ತಿಯದು, ಅಂದರೆ ಅಪ್ಪನ ತಂಗಿ ಶಾರದತ್ತಿಯದು. ಮಾವಿನಕಾಯಿಯ ಹಸಿರಿಗೆ ಒಂದು ಬದಿ ಮಾತ್ರ ಕೆಂಪು ತಾಗಿಸಿ, ಬಿಸಿಲು ಆ ಕಡೆಯಿಂದಲೇ ಬಿದ್ದಿತ್ತೇನೋ ಅನ್ನಿಸುವಂತೆ ಮಾಡುತ್ತಿದ್ದಳು. ನಾನು ಆ ಕಾಯಿಗಳನ್ನು ಕಚ್ಚಿ ನೋಡಿ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಮಹಡಿಯ ಮೇಲಿನ ಕೋಣೆಯಲ್ಲಿ ದಸ್ತಗೀರ ಮಾಸ್ತರರು ಬಾಡಿಗೆಗಿದ್ದರು. ಹತ್ತರಗಿಯವರು. ಹೆಂಡತಿ ಮಕ್ಕಳು ಅಲ್ಲೇ ಇದ್ದರು, ಶನಿವಾರ ಸಂಜೆ ಹೋಗಿ ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಗೋಕಾಕದ ಆಚೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜದ ಪಾಠ ಹೇಳುವುದು ಅವರ ಕೆಲಸ. ಆ ವಿಷಯಕ್ಕೆ ಆಗಲೂ ಮರ್ಯಾದೆ ಅಷ್ಟರಲ್ಲೇ ಇತ್ತು ಬಿಡಿ. ಪರೀಕ್ಷೆ ಹತ್ತಿರ ಬಂತೆಂದರೆ ಅವರ ತಾಸು ಗಣಿತದವರಿಗೆ, ಮೈದಾನ ಗುಡಿಸಬೇಕೆಂದರೆ ಅವರ ಹುಡುಗರೇ. ಶಾಲೆಯಲ್ಲಿದ್ದ ಒಂದೇ ನಕಾಶೆ ಮಡಿಕೆ ಬಿದ್ದಲ್ಲೆಲ್ಲ ಹರಿದು, ನದಿಗಳು ಎಲ್ಲೆಲ್ಲೋ ನಿಂತುಬಿಟ್ಟಿದ್ದವು. ಇದನ್ನು ಕೇಳಿ ಅಜ್ಜ ಒಂದು ಅಗಲವಾದ ಹಲಗೆಯ ಮೇಲೆ ಘಟಪ್ರಭೆಯನ್ನು ಕೆತ್ತಿಕೊಟ್ಟ. ಹಿಡಕಲ್ಲಿನ ಆಣೆಕಟ್ಟು ಬೆರಳಿಗೆ ತಾಗುತ್ತಿತ್ತು, ಗೋಕಾಕದ ಹತ್ತಿರ ಹೊಳೆ ಧಡಕ್ಕನೆ ಕೆಳಗಿಳಿಯುತ್ತಿತ್ತು. ಅತ್ತಿ ಅದಕ್ಕೆ ನೀಲಿ ಬಳಿದಳು. ಬಳಿಯುತ್ತ ಬಳಿಯುತ್ತ ಮಾಸ್ತರರನ್ನು ನೂರೆಂಟು ಪ್ರಶ್ನೆ ಕೇಳಿದಳು. ತಾನೂ ಸಮಾಜದ ಟೀಚರ್ ಆಗಬೇಕೆಂಬ ಹಂಬಲ ಅವಳಲ್ಲಿ ಹುಟ್ಟಿದ್ದು ಆ ಹಲಗೆಯ ಮುಂದೆಯೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಆಗ ಅವಳು ಊರಲ್ಲೇ ಬಿ.ಎ. ಮುಗಿಸಿದ್ದಳು.

ಬಿ.ಎಡ್. ಮಾಡಲು ಧಾರವಾಡಕ್ಕೆ ಹೋಗಿ ಹಾಸ್ಟೆಲಿನಲ್ಲಿ ಇರಬೇಕಿತ್ತು. ಸೀಟೇನೋ ಸಿಕ್ಕಿತ್ತು. ಆದರೆ ಅದೇ ಹೊತ್ತಿಗೆ ಕಲ್ಲೋಳಿಯಿಂದ ಒಂದು ಸಂಬಂಧ ಬಂತು. ಒಳ್ಳೆಯ ಮನೆ, ನೀರಾವರಿ ಹೊಲ, ಹುಡುಗ ನೋಡಲೂ ಲಕ್ಷಣವಾಗಿದ್ದ. ಅವರು ಒಂದು ವರ್ಷ ಕಾಯಲು ತಯಾರಿರಲಿಲ್ಲ. ಅಜ್ಜ ಬಾಯಿಬಿಟ್ಟು ಹೂಂ ಅಂದಿರಲಿಲ್ಲ, ಆದರೆ ಅವರು ಎದ್ದು ಹೋಗುವಾಗ ಕೈಗೆ ತೆಂಗಿನಕಾಯಿ ಕೊಟ್ಟು ಕಳಿಸಿದ್ದ, ಅದು ಹೂಂ ಅಂದ ಹಾಗೆಯೇ. ಮನೆಯಲ್ಲಿ ದಿನಾ ಅದೇ ಮಾತು. "ಬಂದ ಸಂಬಂಧ ಬಿಡಬಾರದವಾ," ಎನ್ನುತ್ತಿದ್ದ ಅಜ್ಜ. ಅಪ್ಪ ಅವನ ಮಾತಿಗೆ ತಲೆ ಆಡಿಸುತ್ತಿದ್ದ. ಆಯಿಯನ್ನು ಕೇಳಿದರೆ, "ನೀವು ಹೆಂಗಂತೀರಿ ಹಂಗ," ಎಂದು ಬೋಗುಣಿ ಕದಡುತ್ತಿದ್ದಳು. ಅವ್ವನನ್ನು ಯಾರೂ ಕೇಳಿರಲಿಲ್ಲ. ಅತ್ತಿ ಒಬ್ಬಳೇ ಎದುರು ನಿಂತು, "ನಾನು ಹೋಗಾಕಿನ, ಓದಾಕಿನ," ಎಂದು ಕುಂಚ ನೆಲಕ್ಕೆ ಕುಕ್ಕುತ್ತಿದ್ದಳು. ನನ್ನ ಕಣ್ಣಿಗೆ ಅವಳಷ್ಟು ಧೈರ್ಯದವಳು ಇಡೀ ಗೋಕಾಕದಲ್ಲಿ ಇರಲಿಲ್ಲ.

ಅಷ್ಟರಲ್ಲಿ ಮಾಸ್ತರರ ಶಾಲೆಯಲ್ಲಿ ಒಂದು ಫಜೀತಿ ಆಯಿತು. ಮಕ್ಕಳ ಮಂತ್ರಿಮಂಡಲ ಮಾಡಲು ಹೋಗಿ, ಕೈ ಎತ್ತಿ ಆರಿಸಿರಿ ಎಂದಿದ್ದರಂತೆ. ಊರ ದೊಡ್ಡ ಮನೆಯ ಹುಡುಗ ಹೊರಳಿ ಒಮ್ಮೆ ಎಲ್ಲರನ್ನೂ ನೋಡಿದ. ಅವನ ಹೆಸರಿಗೆ ಇಡೀ ತರಗತಿಯ ಕೈ ಮೇಲೆ. ಮಾಸ್ತರರು ಸಪ್ಪೆ ಮುಖ ಹಾಕಿಕೊಂಡು ಬಂದು ಪಡಸಾಲೆಯಲ್ಲಿ ಕೂತರು. "ಅದು ಇಲೆಕ್ಷನ್ನ ಅಲ್ಲರಿ ಅಜ್ಜಾ. ಅಂಜಿಕಿ ಅದು. ಹುಡುಗೂರಿಗೆ ಮುಚ್ಚಿ ಮತಾ ಹಾಕೂದು ಕಲಸಬೇಕು," ಎಂದರು. ಚೀಟಿ ಬರೆಸಿದರೆ ಅಕ್ಷರದ ಮೇಲೆ ಯಾರದೆಂದು ಗೊತ್ತಾಗುತ್ತಿತ್ತು. ಅಜ್ಜ ಕೇಳಿಕೊಂಡು ಕೂತವನು ಎದ್ದು ಒಳಗೆ ಹೋಗಿ ಅಡಿಕೆ ಗಾತ್ರದ ಚಿಕ್ಕ ಮಾವು, ಚಿಕ್ಕ ಬದನೆ ತಂದು ಅವರ ಮುಂದೆ ಸುರಿದ. ಒಬ್ಬೊಬ್ಬ ಹುರಿಯಾಳಿಗೆ ಒಂದೊಂದು ಕಾಯಿ. ಮತ ಹಾಕುವವರ ಕೈಗೆ ಎಲ್ಲ ಕಾಯಿಯೂ ಒಂದೊಂದು ಕೊಡುವುದು, ಅವರು ಪರದೆಯ ಹಿಂದೆ ಬೇಕಾದ್ದನ್ನು ಗಡಿಗೆಗೆ ಹಾಕುವುದು, ಬೇಡವಾದ್ದನ್ನು ಚೀಲಕ್ಕೆ. ಅತ್ತಿ ಒಂದನ್ನು ಗಡಿಗೆಗೆ ಬಿಟ್ಟು ಕಿವಿಗೊಟ್ಟು, "ಸಪ್ಪಳದ ಮ್ಯಾಲೆ ತಿಳೀತೈತಿ," ಎಂದಳು. ಅಜ್ಜ ಗಡಿಗೆಯ ತಳಕ್ಕೆ ಕೆತ್ತನೆಯ ಹೊಟ್ಟು ತುಂಬಿದ. ಆಮೇಲೆ ಏನು ಬಿದ್ದರೂ ಸದ್ದಿಲ್ಲ. ಮಾಸ್ತರರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಶಾಲೆಗೆ ಒಯ್ಯುವ ಮೊದಲು ಒಮ್ಮೆ ಮನೆಯಲ್ಲೇ ಮಾಡಿ ನೋಡೋಣ ಎಂದರು ಮಾಸ್ತರರು. ಶನಿವಾರ ಮಧ್ಯಾಹ್ನ, ಅರ್ಧ ದಿನದ ಶಾಲೆ ಮುಗಿಸಿ ಬಂದಿದ್ದರು. ಪಡಸಾಲೆಯ ಮೂಲೆಗೆ ಆಯಿಯ ಸೀರೆಯನ್ನು ಪರದೆ ಕಟ್ಟಿದೆವು. ಯಾವ ವಿಷಯಕ್ಕೆ ಮತ ಹಾಕುವುದು? "ನಾಳೆ ಹೋಳಿಗಿನೋ ಕಡಬೋ ಅಂತ ಇಡೂಣಲ್ಲ," ಎಂದು ನಕ್ಕರು ಮಾಸ್ತರರು. ಯಾರೂ ಉತ್ತರ ಕೊಡುವ ಮೊದಲೇ ಅತ್ತಿ, "ಹೋಳಿಗಿ ಬ್ಯಾಡ್ರಿ. ನನ್ನ ಮಾತ ಇಡ್ರಿ. ಮಾವಿನಕಾಯಿ ಅಂದ್ರ ಧಾರವಾಡ. ಬದನಿಕಾಯಿ ಅಂದ್ರ ಕಲ್ಲೋಳಿ," ಎಂದುಬಿಟ್ಟಳು. ಪಾಪ, ಬಾಡಿಗೆಗಿದ್ದ ಮನುಷ್ಯ, ಮನೆಯೊಡೆಯನ ಮಗಳ ಮದುವೆಯಲ್ಲಿ ಕೈ ಹಾಕಿದಂತಾಯಿತೆಂದು ಮಾಸ್ತರರು ಬೆವೆತು ಎದ್ದು ನಿಂತರು. ಅಜ್ಜ ಮಗಳನ್ನೇ ನೋಡಿದ. ಆಮೇಲೆ, "ಕುಂದರ್ರಿ ಮಾಸ್ತರ್. ಹಾಕೇಬಿಡೂಣು. ಏನು ಬರತೈತಿ ಅದು ಖರೆ. ಆಮ್ಯಾಗ ಯಾರೂ ತಕರಾರು ತಗೀಬಾರದು," ಎಂದ. ಗೆಲ್ಲುವುದು ತಾನೇ ಎಂಬ ಧಿಮಾಕಿನಿಂದ ಹಾಗೆ ಅಂದನೆಂದು ನಾವೆಲ್ಲ ತಿಳಿದೆವು.

ಮತದಾರರು ಐದು ಜನ. ಅಜ್ಜ, ಆಯಿ, ಅಪ್ಪ, ಅವ್ವ, ಅತ್ತಿ. ನಾನೂ ಹಾಕುತ್ತೇನೆ ಎಂದು ರಚ್ಚೆ ಹಿಡಿದೆ. ಆಗಿನ ಕಾಯದೆಯ ಪ್ರಕಾರ ಇಪ್ಪತ್ತೊಂದು ತುಂಬಿರಬೇಕು, ನಿನಗೆ ಅದರ ಅರ್ಧವೂ ಆಗಿಲ್ಲ ಎಂದು ಮಾಸ್ತರರು ನನ್ನನ್ನು ಬೆರಳಿಗೆ ಬಣ್ಣ ಹಚ್ಚುವ ಅಧಿಕಾರಿ ಮಾಡಿದರು. ಅತ್ತಿಯ ನೀಲಿ ಬಣ್ಣದಲ್ಲಿ ಕಡ್ಡಿ ಅದ್ದಿ ಒಬ್ಬೊಬ್ಬರ ಉಗುರಿಗೂ ಗೆರೆ ಎಳೆದೆ. ಅವ್ವ ಪರದೆಯ ಹಿಂದೆ ಹೋದವಳು ಬಹಳ ಹೊತ್ತು ಬರಲಿಲ್ಲ. ಅವಳನ್ನು ಆ ಮನೆಯಲ್ಲಿ ಒಂದು ಮಾತು ಕೇಳಿದ್ದು ಅದೇ ಮೊದಲು, ಅದೂ ಕಟ್ಟಿಗೆಯ ಕಾಯಿಯ ಮೂಲಕ. ಕೊನೆಗೆ ಅತ್ತಿ ಹೋದಳು. ಬಂದು ಗೋಡೆಗೆ ಒರಗಿ ನಿಂತಳು. ಮಾಸ್ತರರು ಗಡಿಗೆಯನ್ನು ಚಾಪೆಯ ಮೇಲೆ ಬೋರಲು ಹಾಕಿ ಹೊಟ್ಟು ಸರಿಸಿದರು. ಒಂದು ಮಾವು. ಇನ್ನೊಂದು ಮಾವು. ಆಮೇಲೆ ಬದನೆ. ಮತ್ತೆ ಮಾವು. ಮತ್ತೂ ಒಂದು ಮಾವು. ನಾಲ್ಕಕ್ಕೆ ಒಂದು! ಬಾಯಲ್ಲಿ ಒಂದು ಹೇಳಿದವರು ಕೈಯಲ್ಲಿ ಇನ್ನೊಂದು ಹಾಕಿದ್ದರು. ಎಲ್ಲರೂ ಒಮ್ಮೆಲೇ ಅಜ್ಜನ ಕಡೆ ನೋಡಿದೆವು. ಅಜ್ಜ ನಮ್ಮ ಯಾರ ಕಡೆಯೂ ನೋಡಲಿಲ್ಲ, ಹೊಟ್ಟು ಕೊಡವಿಕೊಂಡು, "ಆತಲ್ಲ. ಕಲ್ಲೋಳಿಯವರಿಗೆ ನಾ ಹೇಳತೇನಿ," ಎಂದ. ಅತ್ತಿ ಅಲ್ಲೇ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು. ಖುಷಿಗೆ ಅಳುತ್ತಿದ್ದಾಳೆಂದು ಆಯಿ ಅವಳ ಬಾಯಿಗೆ ಬೆಲ್ಲ ಹಾಕಿದಳು.

ಅಂದಿನಿಂದ ಅಜ್ಜನಿಗೆ ಬದನಿಕಾಯಿ ಎಂಬ ಹೆಸರು ಅಂಟಿಕೊಂಡಿತು. ರೊಟ್ಟಿಯ ಜೊತೆ ಬದನೆಕಾಯಿ ಪಲ್ಲೆ ಮಾಡಿದ ದಿನ ಅಪ್ಪ, "ಎಪ್ಪಾ, ನಿಮ್ಮ ಪಾರ್ಟಿ ಬಂದೈತಿ ನೋಡ್ರಿ," ಎನ್ನುತ್ತಿದ್ದ. ಎಂದೂ ಎದುರಾಡದ ಅವ್ವ ಕೂಡ ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ಮಗಳ ಓದಿಗೆ ಅಡ್ಡ ಬಂದ ಮುದುಕ ಎಂದು ಓಣಿಯವರೂ ಆಡಿಕೊಂಡರು. ಅತ್ತಿ ರಜೆಗೆ ಬಂದಾಗ ಈ ಮಾತು ಎದ್ದರೆ ಎದ್ದು ಒಳಗೆ ಹೋಗುತ್ತಿದ್ದಳು. ಅಜ್ಜ ಒಮ್ಮೆಯೂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಮುಚ್ಚಿ ಹಾಕಿದ್ದನ್ನ ತೆಗೆದು ಕೇಳಬಾರದು, ಮಾಸ್ತರ್ ಹೇಳ್ಯಾರ. ಇನ್ನಷ್ಟ ಪಲ್ಲೆ ನೀಡು," ಎನ್ನುತ್ತಿದ್ದ. ಅವನು ಸಾಯುವವರೆಗೂ ಹೀಗೇ ನಡೆಯಿತು.

ಅತ್ತಿ ಧಾರವಾಡದಿಂದ ಬಂದು ಮೂಡಲಗಿಯ ಶಾಲೆಯೊಂದರಲ್ಲಿ ಸಮಾಜದ ಟೀಚರ್ ಆದಳು. ಆಗಿನ್ನೂ ಮೂಡಲಗಿ ತಾಲೂಕು ಆಗಿರಲಿಲ್ಲ. ಅಲ್ಲೇ ಜೊತೆಗೆ ಕೆಲಸ ಮಾಡುತ್ತಿದ್ದವರನ್ನು ಮದುವೆಯಾಗಿ ಅಲ್ಲೇ ಮನೆ ಕಟ್ಟಿದಳು. ಅವಳ ತಾಸನ್ನು ತಮಗೆ ಬಿಟ್ಟುಕೊಡೆಂದು ಯಾರಾದರೂ ಬಂದರೆ ಬಾಗಿಲಲ್ಲೇ ನಿಲ್ಲಿಸಿ ವಾಪಸ್ಸು ಕಳಿಸುತ್ತಿದ್ದಳಂತೆ. ಪ್ರತಿ ವರ್ಷ ಶಾಲೆಯ ಚುನಾವಣೆಗೆ ಅಜ್ಜ ಬುಟ್ಟಿ ತುಂಬ ಕಾಯಿ ಮಾಡಿ ಬಸ್ಸಿನಲ್ಲಿ ಕಳಿಸುತ್ತಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರುಗಳು ಪಾಠ ಹೇಗೆ ಮಾಡಬೇಕೆಂದು ಅವಳ ಮನೆಗೆ ಬಂದು ಕೂರುತ್ತಿದ್ದರು, ನಾನೂ ಹಾಗೆಯೇ ಕಲಿತೆ. ಎಲ್ಲವನ್ನೂ ನಗುತ್ತ ಹೇಳಿಕೊಡುತ್ತಿದ್ದವಳು ಒಂದು ವಿಷಯಕ್ಕೆ ಮಾತ್ರ ಕೆರಳುತ್ತಿದ್ದಳು. ಯಾರಿಗೆ ಹಾಕಿದಿ ಎಂದು ಯಾವ ಮಗುವನ್ನೂ ಯಾರೂ ಕೇಳಕೂಡದು, ತಮಾಷೆಗೂ ಕೂಡದು. ಈಗ ಅವಳೂ ನಿವೃತ್ತಳಾಗಿದ್ದಾಳೆ. ಮಾಸ್ತರರು ಹತ್ತರಗಿಯ ಮಣ್ಣು ಸೇರಿದರು. ಆಯಿ, ಅಪ್ಪ, ಅವ್ವ ಒಬ್ಬರ ಹಿಂದೆ ಒಬ್ಬರು ಹೋದರು. ನಮ್ಮ ಪಡಸಾಲೆ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಆ ಓಣಿಗೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಹುಣಸೆಬೀಜದ ವಾಸನೆ ಬಂದ ವಾರವೇ ತಡೆಯಲಾರದೆ ಮೂಡಲಗಿಗೆ ಹೋದೆ. ಅತ್ತಿ ಹಿತ್ತಲಲ್ಲಿ ಕೂತಿದ್ದಳು. ಹಳೆಯದನ್ನೆಲ್ಲ ಮಾತಾಡುತ್ತ, "ಅಜ್ಜ ಒಬ್ಬನಽ ಬದನಿಕಾಯಿ ಹಾಕಿ ಸೋತ ನೋಡು," ಎಂದು ನಾನು ನಕ್ಕೆ. ಅತ್ತಿ ನಗಲಿಲ್ಲ. "ಅದು ನಂದು," ಎಂದಳು.

ನನಗೆ ತಿಳಿಯಲಿಲ್ಲ. ಅವಳೇ ಹೇಳಿದಳು. "ಅಷ್ಟು ಜಿಗದಾಡಿದೆ ಖರೆ. ಆದ್ರ ಪರದೆ ಹಿಂದ ನಿಂತಾಗ ಅಂಜಿಕಿ ಬಂತು. ಗೊತ್ತಿಲ್ಲದ ಊರು, ಹಾಸ್ಟೆಲ್, ಒಬ್ಬಾಕಿನಽ. ಹೆಂಗೂ ಸೋಲತೇನಿ, ಮನಿಯವರು ಕಳಸಲಿಲ್ಲ ಅಂತ ಜೀವನಪೂರ್ತಿ ಅತಗೊಂತ ಇದ್ರಾತು ಅಂತ ಹಾಕಿಬಿಟ್ಟೆ." ಕಟ್ಟಿಗೆಯ ಕಾಯಿಗಳು ಚಾಪೆಯ ಮೇಲೆ ಉರುಳಿದ್ದು ನನ್ನ ಕಣ್ಣ ಮುಂದೆ ಬಂತು. ಹಾಗಾದರೆ ಉಳಿದ ನಾಲ್ಕರಲ್ಲಿ ಒಂದು ಅಜ್ಜನದು. ತಾನು ಹಾಕಿದ್ದು ಮಾವೆಂದು ಅಜ್ಜನಿಗೆ ಗೊತ್ತಿತ್ತು, ನಾವು ಹಂಗಿಸಿದಾಗಲೆಲ್ಲ ಗೊತ್ತಿತ್ತು. ಅಲ್ಲವೆಂದು ಒಂದು ಮಾತು ಅಂದಿದ್ದರೆ ನಾವೆಲ್ಲ ಮತ್ಯಾರದೆಂದು ಹುಡುಕಲು ಕೂರುತ್ತಿದ್ದೆವು.

"ನಿಂದು ಅಂತ ಅಜ್ಜಗ ತಿಳಿದಿತ್ತೇನತ್ತಿ?" ಎಂದೆ.

"ಧಾರವಾಡದ ಬಸ್ಸಿಗೆ ಹತ್ತಿಸಾಕ ಬಂದಿದ್ದ," ಎಂದಳು ಅತ್ತಿ. "ಟ್ರಂಕು ಮ್ಯಾಲೆ ಇಟ್ಟು ಕೆಳಗಿಳದು ಕಿಡಕ್ಯಾಗ ಕೈ ಹಾಕಿ ನನ್ನ ಕೈ ಹಿಡದ. ಅಂಜಬ್ಯಾಡ, ಇಲ್ಲಿ ಎಲ್ಲಾರೂ ನಿನ್ನ ಕಡೇನಽ ಅದೀವಿ ಅಂದ. ಎಲ್ಲಾರೂ ಅಂದ ನೋಡು. ಹಂಗಂದ ಮ್ಯಾಲೆ ಬದನಿಕಾಯಿ ಹಾಕಿದಾಕಿ ನಾನಽ ಅಲ್ಲೇನು? ಅವಾಗ ತಿಳೀತು ನನಗ."

ಬಿಸಿಲು ಗೋಡೆ ಇಳಿದು ಹೋಗುತ್ತಿತ್ತು. ಅಷ್ಟು ವರ್ಷ ಅವನಿಗೆ ಒಂದು ಸಲವಾದರೂ ಹೇಳಬಹುದಿತ್ತಲ್ಲ ಎಂದು ಕೇಳಬೇಕೆನ್ನಿಸಿತು. ಅವಳು ಅದನ್ನೇ ತನ್ನಷ್ಟಕ್ಕೆ ಕೇಳಿಕೊಳ್ಳುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ಅತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಇದನ್ನು ಕೇಳಲು ಈಗ ಆ ಮನೆಯವರೆಂದು ಉಳಿದವಳು ನೀನೊಬ್ಬಳೇ ಎಂದಳು.