ಬಾವಿಗಿಳಿಯದ ಮನೆತನ

ಕಾಫಿ ಬಾಯಿಯ ಬಲ ಮೂಲೆಯಿಂದ ಸೋರಿತು. ಲೋಟ ಸರಿಯಾಗಿ ಹಿಡಿದಿಲ್ಲ ಅಂದುಕೊಂಡೆ. ಒರೆಸಿಕೊಂಡು ಮತ್ತೆ ಕುಡಿದೆ. ಮತ್ತೆ ಸೋರಿತು. ಕನ್ನಡಿ ನೋಡಿದರೆ ಬಲಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಮುಖದ ಆ ಅರ್ಧ ನನ್ನದಲ್ಲ ಎಂಬಂತೆ ಸುಮ್ಮನಿತ್ತು.

ಅದಕ್ಕೂ ಮೊದಲೇ ಬಲಗಿವಿ ಮಂದವಾಗಿತ್ತು. ನಾನು ದೊಡ್ಡಬಳ್ಳಾಪುರದ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಬಲಗಡೆಯ ಬೆಂಚಿನವರು ಕೇಳಿದ ಪ್ರಶ್ನೆಯನ್ನು ಎರಡೆರಡು ಸಲ ಹೇಳಿಸುತ್ತಿದ್ದೆ. ಫ್ಯಾನಿನ ಸದ್ದು ಎಂದುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವ ಅಭ್ಯಾಸ ನನಗಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿ ಸಿಟಿ ಸ್ಕ್ಯಾನ್ ಮಾಡಿಸಿದರು. ಅದನ್ನು ನೋಡಿದ ನ್ಯೂರಾಲಜಿ ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ನಿಮ್ಮ ತಲೆಬುರುಡೆ ತುಂಬಾ ದಪ್ಪ ಇದೆ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಮುಖದ ನರವೂ ಕಿವಿಯ ನರವೂ ಮೂಳೆಯೊಳಗಿನ ಸಣ್ಣ ದಾರಿಗಳಲ್ಲಿ ಹಾಯುತ್ತವಂತೆ. ಸುತ್ತಲಿನ ಮೂಳೆ ಬೆಳೆದು ಆ ದಾರಿ ಕಿರಿದಾಗಿದೆಯಂತೆ. ಹೀಗೆ ಮುಂದುವರಿದರೆ ಆ ಕಿವಿ ಪೂರ್ತಿ ಹೋಗಬಹುದು, ಇನ್ನೊಂದೂ ಹೋಗಬಹುದು.

"ಯಾವ ನೀರು ಕುಡೀತೀರಿ?" ಎಂದು ಕೇಳಿದರು.

"ಬೋರ್‌ವೆಲ್."

"ನಿಮ್ಮ ಕಡೆ ಫ್ಲೋರೈಡ್ ಇರುತ್ತೆ. ಅದ್ರಿಂದಲೂ ಮೂಳೆ ಹೀಗೆ ಗಟ್ಟಿಯಾಗುತ್ತೆ. ಮೊದಲು ಅದನ್ನ ನೋಡೋಣ."

ಅಪ್ಪ ಪಕ್ಕದಲ್ಲೇ ಕೂತಿದ್ದರು.

ಆ ಬೋರ್‌ವೆಲ್ ಕೊರೆಸಿದ್ದು ಅಪ್ಪ. ದ್ರಾಕ್ಷಿ ತೋಟಕ್ಕೆಂದು ಕೊರೆಸಿ ಮನೆಗೂ ಪೈಪು ಎಳೆಸಿದ್ದರು. ಮೊದಲ ನೀರು ಚಿಮ್ಮಿದಾಗ ನನ್ನನ್ನು ಎತ್ತಿ ಹಿಡಿದು ನೆನೆಸಿದ್ದರಂತೆ. ತೋಟದಿಂದ ಬಂದ ತಕ್ಷಣ ಆ ನಲ್ಲಿಗೆ ಬಾಗಿ ಬೊಗಸೆಯಲ್ಲಿ ಕುಡಿಯುವುದು ಅವರ ರೂಢಿ. ಡಾಕ್ಟರ ಮಾತು ಕೇಳಿದ ದಿನದಿಂದ ಅದು ನಿಂತಿತು. ಕುಡಿಯಲು, ಅಡುಗೆಗೆ, ಕೊನೆಗೆ ನನ್ನ ಮುಖ ತೊಳೆಯಲೂ ಶುದ್ಧ ನೀರಿನ ಘಟಕದಿಂದ ಕ್ಯಾನು ಹೊತ್ತು ತರತೊಡಗಿದರು. ಅವರ ಊಟ ಅರ್ಧಕ್ಕಿಳಿಯಿತು. ನನ್ನ ಮುಖ ನೋಡಿ ಮಾತಾಡುವುದನ್ನೂ ಬಿಟ್ಟರು.

"ನನ್ ಮಗೀಗೆ ನಾನೇ ವಿಸ ಕುಡಿಸ್ಬಿಟ್ನಲ್ಲೇ" ಎಂದು ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದ್ದು ನನ್ನ ಒಳ್ಳೆಯ ಕಿವಿಗೆ ಬಿತ್ತು.

ನನ್ನ ಕಿವಿಗಿಂತ ಅದೇ ದೊಡ್ಡ ಚಿಂತೆಯಾಯಿತು.

ಹೊಸಕೋಟೆ ಕಡೆಗೆ ಮದುವೆಯಾಗಿ ಹೋದ ಅಪ್ಪನ ಅಕ್ಕ, ರತ್ನತ್ತೆ, ನನ್ನನ್ನು ನೋಡಲು ಬಂದರು. ಊಟಕ್ಕೆ ಕೂತು, ಮೇಲಿನ ಹಲ್ಲು ಸೆಟ್ಟನ್ನು ತೆಗೆದು ತಟ್ಟೆಯ ಪಕ್ಕ ಇಟ್ಟರು.

"ಹಾಕ್ಕೊಂಡೇ ಊಟ ಮಾಡಿ ಅತ್ತೆ."

"ಅದೆಲ್ಲಿ ನಿಲ್ಲುತ್ತೆ? ಅಂಗುಳಾಗೆ ಗಂಟೈತಲ್ಲ, ಒತ್ತುತ್ತೆ. ಆ ಡಾಕ್ಟ್ರು ಅಳ್ತೆ ತಗಂಡೂ ತಗಂಡೂ ಸುಸ್ತಾದ. ಮುದ್ದೆ ನುಂಗಾಕೆ ಹಲ್ಯಾಕೆ ಬಿಡು!"

"ಎಂಥಾ ಗಂಟು?" ಅಮ್ಮ ಕೇಳಿದರು.

"ಎಲ್ರಿಗೂ ಇರ್ತದಲ್ಲೇ."

"ನಂಗಿಲ್ಲ."

ನಾನು ನಾಲಿಗೆಯನ್ನು ಮೇಲಕ್ಕೆ ಒತ್ತಿ ನೋಡಿದೆ. ಹುಣಸೆಬೀಜದಂಥ ಗಟ್ಟಿ ಉಬ್ಬು. ಎಲ್ಲರ ಬಾಯಿಯೂ ಹೀಗೇ ಎಂದು ತಿಳಿದಿದ್ದೆ. ಎದುರಿಗೆ ಅಪ್ಪನ ಮುಚ್ಚಿದ ಬಾಯೊಳಗೂ ನಾಲಿಗೆ ಆಡುತ್ತಿತ್ತು.

ಆ ನಲ್ಲಿಯ ನೀರನ್ನು ಅದು ಬಂದ ದಿನದಿಂದ ಕುಡಿಯುತ್ತ ಬಂದವರು ಅಮ್ಮ. ಅವರಿಗೆ ಗಂಟಿಲ್ಲ. ಅತ್ತೆ ಆ ಬೋರ್‌ವೆಲ್ ಬರುವ ಮೊದಲೇ ಬೇರೆ ಊರಿಗೆ ಹೋದವರು. ಅವರಿಗಿದೆ.

ಆಗ ನನಗೆ ಬಾವಿ ನೆನಪಾಯಿತು. ನಮ್ಮ ಮನೆತನದವರು ಬಾವಿಗೆ ಇಳಿಯುವುದಿಲ್ಲ. ಊರಿನ ಮಕ್ಕಳೆಲ್ಲ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಈಜು ಕಲಿತರೆ, ನಮ್ಮವರು ಬೆಂಡು ಕಟ್ಟಿಕೊಂಡೂ ಮುಳುಗುತ್ತಿದ್ದರು. ಗಂಗಮ್ಮನಿಗೆ ನಮ್ಮವರ ಮೇಲೆ ಆಸೆ, ಕಾಲು ಹಿಡಿದು ಎಳೆಯುತ್ತಾಳೆ ಎಂದು ಹಿರಿಯರು ಹೇಳಿದ್ದರು. ಅದಕ್ಕೇ ಗಂಗೆಪೂಜೆಯಲ್ಲಿ ನಾವು ದಡದಿಂದಲೇ ಒಂದು ಕಾಯಿ ಹೆಚ್ಚಿಗೆ ಒಡೆದು ಹಿಂದೆ ನೋಡದೆ ಬರುವ ಪದ್ಧತಿ. ಇನ್ನೊಂದು ಕಡೆ, ದ್ರಾಕ್ಷಿ ಚಪ್ಪರದ ಮೇಲಿಂದ ಕಲ್ಲುಕಂಬದ ಮೇಲೆ ಬಿದ್ದ ಅಪ್ಪ ಬರೀ ತರಚುಗಾಯದಲ್ಲಿ ಎದ್ದು "ನಮ್ದು ಕಲ್ಲು ಮೂಳೆ ಕಣ್ರಲಾ" ಎಂದು ಮೀಸೆ ತಿರುವಿದ್ದು ಊರಿಗೇ ಗೊತ್ತು. ಒಂದನ್ನು ದೇವರ ಲೆಕ್ಕಕ್ಕೆ, ಇನ್ನೊಂದನ್ನು ಹೆಮ್ಮೆಯ ಲೆಕ್ಕಕ್ಕೆ ಹಾಕಿದ್ದೆವು. ಎರಡನ್ನೂ ಜೊತೆಗಿಟ್ಟು ಯಾರೂ ನೋಡಿರಲಿಲ್ಲ.

ಡಾಕ್ಟರಿಗೆ ಇದನ್ನೆಲ್ಲ ಹೇಳಲು ನಾಚಿಕೆಯಾಯಿತು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಮುಳುಗ್ತಾರಾ? ಇನ್ನೊಂದ್ಸಲ ಹೇಳಿ. ಅಂಗುಳಿನ ಗಂಟೂ ಮೂಳೆನೇ, ಮೂಳೆ ಭಾರ ಆದ್ರೆ ಮೈ ತೇಲಲ್ಲ."

ಪರೀಕ್ಷೆ ಮಾಡಿಸಿದರೆ ನನ್ನ ಮೈಯಲ್ಲಿ ಫ್ಲೋರೈಡ್ ಹೆಚ್ಚಿರಲಿಲ್ಲ. ಬೋರ್‌ವೆಲ್ಲಿನ ನೀರಿನಲ್ಲೂ ಮಿತಿಯೊಳಗೇ ಇತ್ತು. ಅಮ್ಮನ ಎಕ್ಸ್‌ರೇ ಎಲ್ಲರಂತೆ. ಅಪ್ಪನ ಮೂಳೆ ಸಾಂದ್ರತೆಯ ಸ್ಕ್ಯಾನಿನಲ್ಲಿ ಅವರ ಗುರುತು ಸಾಮಾನ್ಯ ಮಿತಿಯ ಪಟ್ಟಿಯ ಮೇಲಂಚು ದಾಟಿತ್ತು. ನಮ್ಮಿಬ್ಬರ ರಕ್ತ ಜೆನೆಟಿಕ್ಸ್ ವಿಭಾಗಕ್ಕೆ ಹೋಯಿತು. ವಾರಗಟ್ಟಲೆ ಕಾದೆವು. ಅಪ್ಪ ಕ್ಯಾನು ತರುವುದನ್ನು ನಿಲ್ಲಿಸಲಿಲ್ಲ.

ವರದಿ ಬಂದ ದಿನ ಆ ವಿಭಾಗದಲ್ಲಿದ್ದ ಲೇಡಿ ಡಾಕ್ಟರು ಹೆಚ್ಚುಕಡಿಮೆ ನನ್ನ ವಯಸ್ಸಿನವರು. ನಿಧಾನವಾಗಿ ಹೇಳಿದರು. "ಮೂಳೆ ಕಟ್ಟೋ ಜೀವಕೋಶದ ಮೇಲೆ ಒಂದು ಪ್ರೋಟೀನ್ ಇರುತ್ತೆ. ಕಟ್ಟು ಅನ್ನೋ ಸೂಚನೆ ಅದರ ಮೂಲಕ ಒಳಗೆ ಹೋಗುತ್ತೆ. ಸಾಕು ಅನ್ನಿಸಿದಾಗ ಬೇರೆ ಪ್ರೋಟೀನ್ ಬಂದು ಅದಕ್ಕೆ ಅಂಟ್ಕೊಂಡು ತಡೆಯುತ್ತೆ. ನಿಮ್ಮ ಎಲ್‌ಆರ್‌ಪಿ ಫೈವ್ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಅದರಿಂದ ತಡೆಯೋ ಪ್ರೋಟೀನ್ ಸರಿಯಾಗಿ ಅಂಟ್ಕೊಳ್ತಿಲ್ಲ. ಬ್ರೇಕ್ ಹಿಡೀತಿಲ್ಲ. ಇದನ್ನ ಗೇನ್ ಆಫ್ ಫಂಕ್ಷನ್, ಅಂದ್ರೆ ಕೆಲಸ ಹೆಚ್ಚಾಗೋದು, ಅಂತೀವಿ."

ನಾನು ಕೇಳಿದ್ದ ಕಾಯಿಲೆಗಳೆಲ್ಲ ಕೊರತೆಯವು. ರಕ್ತ ಕಡಿಮೆ, ಕ್ಯಾಲ್ಸಿಯಂ ಕಡಿಮೆ. ಕಡಿಮೆಯಾದರೆ ಕೊಡಬಹುದು. ನನ್ನಲ್ಲಿ ಏನೂ ಕೆಟ್ಟಿಲ್ಲ, ಏನೂ ಸವೆದಿಲ್ಲ. ಒಳ್ಳೆಯ ಕೆಲಸವೊಂದು ನಿಲ್ಲಬೇಕಾದಲ್ಲಿ ನಿಲ್ಲದೆ ನಡೆದಿದೆ, ಅಷ್ಟೇ. ಇದಕ್ಕೆ ಯಾರ ಮೇಲೆ ಸಿಟ್ಟಾಗುವುದು? ಈಗಲೂ ನನಗೆ ಅರ್ಥವಾಗಿಲ್ಲ. ಅಪ್ಪ ಬಿದ್ದಾಗ ಅವರನ್ನು ಉಳಿಸಿದ ಅದೇ ಬದಲಾವಣೆ ನನ್ನಲ್ಲಿ ನರವನ್ನು ಹಿಸುಕಿದೆ. ಅಪ್ಪನ ಕಿವಿ ಚೆನ್ನಾಗಿದೆ. ಯಾಕೆ ಹೀಗೆ ಎಂದು ಕೇಳಿದೆ. "ಒಬ್ಬೊಬ್ಬರಲ್ಲಿ ಒಂದೊಂದು ಥರ. ಪೂರ್ತಿ ಕಾರಣ ನಮಗೂ ಗೊತ್ತಿಲ್ಲ" ಎಂದರು. ಮುಂದೆ ನನಗೆ ಮಕ್ಕಳಾದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದೂ ಹೇಳಿದರು. ಅದನ್ನು ಕೇಳಿಸಿಕೊಂಡೆ. ಇನ್ನೂ ಯೋಚಿಸಿಲ್ಲ.

"ಹಂಗಾರೆ ನೀರಲ್ವಾ ಮೇಡಂ?" ಅಪ್ಪ ಕೇಳಿದರು.

"ನೀರಲ್ಲ ಸರ್. ನಿಮ್ಮಿಂದ ಬಂದಿದೆ. ಆದ್ರೆ ನೀವು ಮಾಡಿದ್ದಲ್ಲ."

ಹೊರಗೆ ಬೆಂಚಿನ ಮೇಲೆ ಕೂತೆವು. ಅಪ್ಪ ತಮ್ಮ ಮುಂಗೈ ಮೂಳೆಯನ್ನು ಒತ್ತಿ ಒತ್ತಿ ನೋಡಿಕೊಂಡರು.

"ನೀರಾಗಿದ್ರೆ ನಿಲ್ಲಿಸ್ಬೋದಿತ್ತು ಕಣಮ್ಮ."

ನಾನೂ ಆ ಮುಂಗೈಯನ್ನು ಒತ್ತಿ ನೋಡಿದೆ. ಆಮೇಲೆ ಹೇಳಿದೆ: "ಚಪ್ಪರದಿಂದ ಬಿದ್ದಾಗ ಈ ಮೂಳೆ ಇಲ್ದಿದ್ರೆ ನೀನು ಇವತ್ತು ಹಿಂಗೆ ಕೂತಿರ್ತಿರ್ಲಿಲ್ಲ ಅಪ್ಪ."

"ಅದೂ ದಿಟವೇ" ಎಂದರು. ಅವರು ನನ್ನ ಮುಖ ನೋಡಿದ್ದು ಅಂದೇ.

ಬೆಳೆದ ಮೂಳೆಯನ್ನು ಕರಗಿಸುವ ಔಷಧಿ ಇಲ್ಲ. ಆರು ತಿಂಗಳಿಗೊಮ್ಮೆ ಕಿವಿಯ ಪರೀಕ್ಷೆ; ದಾರಿ ಇನ್ನೂ ಕಿರಿದಾದರೆ ಆಪರೇಷನ್. ಮುಖ ಬಹುಪಾಲು ಮರಳಿದೆ. ಕಿವಿ ಇದ್ದಲ್ಲೇ ಇದೆ. ತರಗತಿಯಲ್ಲಿ ನಾನೀಗ ಬಲಗಡೆಯ ಗೋಡೆಗೆ ಒತ್ತಿ ನಿಂತು ಎಡಗಿವಿಯನ್ನು ಮಕ್ಕಳ ಕಡೆಗಿಡುತ್ತೇನೆ. ಯಾಕೆಂದು ಯಾರೂ ಕೇಳಿಲ್ಲ. ಒಳ್ಳೆಯದೇ ಆಯಿತು.

ಮೊನ್ನೆ ಬೆಳಿಗ್ಗೆ ತೋಟದಿಂದ ಬಂದ ಅಪ್ಪ ನಲ್ಲಿಯ ಮುಂದೆ ನಿಂತರು. ತಿರುಗಿಸಿದರು. ಬಾಗಿ, ಬೊಗಸೆಯಲ್ಲಿ ಹಿಡಿದು ಕುಡಿದರು. ಬಳಿಕ ಒಂದು ಲೋಟ ತುಂಬಿಸಿಕೊಂಡು, ಸುತ್ತಿ ಬಂದು, ನನ್ನ ಎಡಗಡೆ ಕೂತು ಚಾಚಿದರು.

ಕುಡಿದೆ. ಬಲ ಮೂಲೆಯಿಂದ ಒಂದೇ ಒಂದು ಹನಿ ಸೋರಿತು.