ಉಣುಗೋಲಿನ ಮುಂದೆ ನಿಂತ ಗಾಡಿ

ಆ ದಿನವೂ ಎಂದಿನಂತೆ ಎದ್ದು ಮೊದಲು ಹಾಲಿನ ಪಾತ್ರೆಯನ್ನು ಒಲೆಗಿಟ್ಟೆ. ಅತ್ತೆಯವರಿಗೆ ಬೆಲ್ಲದ ಕಾಫಿ, ನಮ್ಮ ಮನೆಯವರಿಗೆ ಸಕ್ಕರೆಯದು, ನನಗೆ ಎರಡರಲ್ಲಿ ಯಾವುದು ಹೆಚ್ಚು ಉಳಿದಿದೆಯೋ ಅದು. ಅಕ್ಕಿರೊಟ್ಟಿಗೆ ಹಿಟ್ಟು ನಾದಿ ಒದ್ದೆ ಬಟ್ಟೆ ಮುಚ್ಚಿಟ್ಟೆ. ಮಧ್ಯಾಹ್ನದ ಹುಳಿಗೆ ಬೇಳೆ ತೊಳೆದೆ. ತಾರಸಿಗೆ ಹೋಗಿ ಬಟ್ಟೆ ಹರವಿ ಬಂದೆ. ಮಂಜು ಇನ್ನೂ ಎದುರಿನ ರಸ್ತೆಯ ಮೇಲೇ ಕೂತಿತ್ತು. ರಿಪ್ಪನ್‌ಪೇಟೆಗೆ ಹೋಗುವ ಮೊದಲ ಬಸ್ಸು ಲೈಟು ಹಾಕಿಕೊಂಡೇ ಹೋಯಿತು. ಆ ಬೆಳಿಗ್ಗೆಯ ವಿಶೇಷವೆಂದರೆ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ, ನನ್ನ ಹೊಸ ಹೆಲ್ಮೆಟ್ಟು ಇತ್ತು. ಅದನ್ನು ಎಲ್ಲಿಡಬೇಕೆಂದು ತೋಚದೆ ಹಿಂದಿನ ರಾತ್ರಿ ಅಲ್ಲೇ ಇಟ್ಟು ಮಲಗಿದ್ದೆ.

ಅತ್ತೆ ಕಾಫಿ ಲೋಟ ಹಿಡಿದುಕೊಂಡು ಅದನ್ನೇ ನೋಡುತ್ತ ಕೇಳಿದರು: "ಕಪ್ಪೆ ಗಾಡಿ ಎಷ್ಟೊತ್ತಿಗೆ ಬರ್ತದಂತೆ?"

"ತಿಂಡಿ ಆದ ಮೇಲೆ ಅಂದಿದಾರೆ ಅತ್ತೆ."

"ಹಂಗಾರೆ ಅವ್ರಿಗೂ ನಾಲ್ಕು ರೊಟ್ಟಿ ಹೆಚ್ಚಿಗೆ ತಟ್ಟು. ಸಾಗರದಿಂದ ಬರೋರು."

ಕಪ್ಪೆ ಗಾಡಿ ಎಂದರೆ ಎ.ಟಿ.ವಿ. ದಪ್ಪನೆಯ ನಾಲ್ಕು ಚಕ್ರ, ಬೈಕಿನಂಥ ಹ್ಯಾಂಡಲ್, ಎರಡೂ ಪಕ್ಕಕ್ಕೆ ಕಾಲು ಹಾಕಿ ಕೂರುವ ಸೀಟು. ಅದನ್ನು ರಸ್ತೆಗೆ ಇಳಿಸುವಂತಿಲ್ಲ. ಸ್ವಂತ ಜಾಗದ ಗುಡ್ಡದ ಜಾಡುಗಳಲ್ಲಿ ಸಂತೋಷಕ್ಕಾಗಿ ಓಡಿಸುವ ಗಾಡಿ ಅದು. ಫೋನಿನಲ್ಲಿ ಚಿತ್ರ ತೋರಿಸಿದಾಗ ಅತ್ತೆ ಕನ್ನಡಕ ಏರಿಸಿ, "ಕಪ್ಪೆ ಕುಕ್ಕರಗಾಲಲ್ಲಿ ಕೂತಂಗೆ ಇದ್ಯಲ್ಲೇ" ಎಂದಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಅದೇ ಹೆಸರು.

ಆಸೆ ಹುಟ್ಟಿದ್ದು ಅರಳಸುರಳಿಯಲ್ಲಿ. ಕಾನ್ವೆಂಟಿನಲ್ಲಿ ನನ್ನ ಜೊತೆ ಓದಿದ ಗೆಳತಿಯೊಬ್ಬಳು ಅಲ್ಲಿ ಹೋಂಸ್ಟೇ ನಡೆಸುತ್ತಾಳೆ. ಬರುವ ಅತಿಥಿಗಳಿಗೆಂದು ತನ್ನ ಗುಡ್ಡದಲ್ಲಿ ಜಾಡು ಮಾಡಿಸಿ ಇಂಥದ್ದೊಂದು ಗಾಡಿ ಇಟ್ಟುಕೊಂಡಿದ್ದಾಳೆ. ಕಳೆದ ಬೇಸಿಗೆಯಲ್ಲಿ ಒತ್ತಾಯ ಮಾಡಿ ನನ್ನನ್ನೂ ಕೂರಿಸಿದಳು. ಬಲಗೈ ಹೆಬ್ಬೆರಳಿನಿಂದ ಒಂದು ಪುಟ್ಟ ಗುಂಡಿಯಂಥದ್ದನ್ನು ಒತ್ತಿದರೆ ಮುಂದೆ ಹೋಗುತ್ತದೆ, ಬಿಟ್ಟರೆ ನಿಧಾನವಾಗುತ್ತದೆ. ಹೊಲಿಗೆ ಯಂತ್ರದ ಪೆಡಲ್ಲಿಗೆ ಪಳಗಿದವಳಿಗೆ ಅದೇನೂ ಕಷ್ಟವಾಗಲಿಲ್ಲ. ನಾನು ಗಮನಿಸಿದ್ದು ಬೇರೊಂದನ್ನು: ನನ್ನ ಮುಂದೆ ಯಾರ ಬೆನ್ನೂ ಇರಲಿಲ್ಲ. ಬೈಕಿನಲ್ಲಾಗಲಿ ಜೀಪಿನಲ್ಲಾಗಲಿ, ದಾರಿಯನ್ನು ನಾನು ಅಲ್ಲಿಯವರೆಗೆ ಯಾರದೋ ಹೆಗಲಿನ ಪಕ್ಕದಿಂದ ನೋಡಿದ್ದೇ ಹೆಚ್ಚು.

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ ನಮ್ಮ ಮನೆಯವರು, "ಎಂತ ಬೇಕು ಹೇಳು, ಈ ಸಲ ನಿನ್ನ ಆಯ್ಕೆ" ಎಂದರು. ಬಳೆ ಎನ್ನುತ್ತೇನೆಂದು ಅವರು ತೀರ್ಥಹಳ್ಳಿಯ ಆಭರಣದಂಗಡಿಯಲ್ಲಿ ಆಗಲೇ ಮಾತಾಡಿಕೊಂಡು ಬಂದಿದ್ದರಂತೆ. ನಾನು ಎ.ಟಿ.ವಿ. ಎಂದೆ. ಅವರು, "ಯಾರು ಓಡ್ಸೋದು?" ಎಂದು ಕೇಳಿದರು.

"ನಾನು."

"ಒಬ್ಳೇ?"

"ಒಬ್ಳೇ."

ಅವರು ಒಳ್ಳೆಯವರು. ನಗಲಿಲ್ಲ. ಆದರೆ ಮರುದಿನದಿಂದಲೇ ಇಬ್ಬರು ಕೂರುವಂಥ ಗಾಡಿಗಳ ವೀಡಿಯೊ ನೋಡತೊಡಗಿದರು.

ಇಲ್ಲಿ ನಮ್ಮ ಗುಡ್ಡದ ದಾರಿಯ ವಿಷಯ ಹೇಳಬೇಕು. ಮನೆಯ ಹಿಂದೆ ಏರು. ಏರಿನ ಅರ್ಧದಲ್ಲಿ ಒಂದು ಉಣುಗೋಲು. ಎರಡು ಕಲ್ಲುಕಂಬ, ಕಂಬಗಳಲ್ಲಿ ತೂತು, ತೂತುಗಳಿಗೆ ಅಡ್ಡಲಾಗಿ ಮೂರು ಬಿದಿರಿನ ಗಳು. ಅವನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿ ದಾಟಬೇಕು, ದಾಟಿದ ಮೇಲೆ ಮತ್ತೆ ಸರಿಸಿ ಹಾಕಬೇಕು. ಅದರಾಚೆಗೆ ನಮ್ಮ ನೆರೆಯ ಮೇಲ್ಮನೆ ಅಕ್ಕನ ಬ್ಯಾಣ, ಅಂದರೆ ಅವರ ದನ ಮೇಯುವ ಹುಲ್ಲುಗಾವಲು. ಈಚೆಗೆ, ದಾರಿಯ ಎಡಕ್ಕೆ, ಅವರದೇ ಗದ್ದೆ. ಗಳು ಹಾಕದೆ ಹೋದರೆ ದನಗಳು ಸೀದಾ ಬತ್ತಕ್ಕೆ ಬಾಯಿ ಹಾಕುತ್ತವೆ.

ನಮ್ಮ ಹಳೆಯ ಜೀಪಿನ ಹ್ಯಾಂಡ್‌ಬ್ರೇಕು ಏರಿನಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಓಡಿಸುವವರು ಇಳಿಯುವಂತಿಲ್ಲ; ಎಡಗಡೆ ಕೂತವರು ಇಳಿದು ಗಳು ತೆಗೆಯಬೇಕು. ಎಡಗಡೆ ಕೂತವಳು ಯಾವಾಗಲೂ ನಾನು. ಜೀಪು ದಾಟಿ, ಸಮತಟ್ಟು ಸಿಗುವವರೆಗೆ ಮೇಲೆ ಹೋಗಿ ನಿಲ್ಲುತ್ತಿತ್ತು. ನಾನು ಗಳು ಹಾಕಿ ನಡೆದು ಹೋಗಿ ಹತ್ತುತ್ತಿದ್ದೆ. ಮಧ್ಯದ ಗಳು ಸ್ವಲ್ಪ ಸೊಟ್ಟ, ಅದನ್ನು ಅರ್ಧ ಸುತ್ತು ತಿರುಗಿಸಿದರೆ ಮಾತ್ರ ತೂತಿನೊಳಗೆ ಹೋಗುತ್ತದೆ. ಮನೆಯಲ್ಲಿ ಈ ಗುಟ್ಟು ನನಗೊಬ್ಬಳಿಗೇ ಗೊತ್ತಿತ್ತು. ನಾನಿಲ್ಲದ ದಿನ ಇವರು ಸ್ನೇಹಿತರ ಜೊತೆ ಹೋದರೆ ಗಳು ತೆಗೆಯುವವರು ಇರುತ್ತಿದ್ದರು, ಹಾಕುವವರು ಇರುತ್ತಿರಲಿಲ್ಲ.

ಬ್ಯಾಣದಲ್ಲಿ ಗಾಡಿ ಓಡಿಸಲು ಒಪ್ಪಿಗೆ ಕೇಳಲು ಹೋದಾಗ ಮೇಲ್ಮನೆ ಅಕ್ಕ ಸೊಪ್ಪು ಕೊಚ್ಚುತ್ತಿದ್ದರು. ತಲೆ ಎತ್ತದೆಯೇ ಹೇಳಿದರು: "ನೀನು ಓಡಿಸ್ಕೋ ಮಾರಾಯ್ತಿ, ಬ್ಯಾಣ ಎಂತ ಸವೆದು ಹೋಗ್ತದಾ? ಆದ್ರೆ ನಿಮ್ಮನೆಯೋರ ಜೀಪು ಮೇಲೆ ಹೋದ ದಿನ ನನ್ನ ಗದ್ದೆ ಕಾಯೋದೇ ಕೆಲಸ ನಂಗೆ. ಅದೊಂದು ನೋಡ್ಕೋ."

ಅಲ್ಲಿಂದ ಇಳಿದು ಬರುವಾಗಲೇ ನನಗೆ ಬೇಕಾದ ಗಾಡಿ ಯಾವುದೆಂದು ತಿಳಿದುಹೋಯಿತು. ಏರಿನಲ್ಲಿ ನಿಲ್ಲಿಸಿ ನಾನೊಬ್ಬಳೇ ಇಳಿದು, ಗಳು ತೆಗೆದು, ದಾಟಿ, ಮತ್ತೆ ಇಳಿದು, ಗಳು ಹಾಕಿ, ಹತ್ತಿ ಹೋಗುವಂಥದ್ದು. ಇಷ್ಟಾಗದಿದ್ದರೆ ಗಾಡಿ ನನ್ನ ಹೆಸರಿಗೆ ಬಂದರೂ ನಾನು ಮತ್ತೆ ಇನ್ನೊಬ್ಬರನ್ನು ಕಾಯಬೇಕು. ಇಲ್ಲವೇ ಹಿಂದಿನ ಸೀಟಿನಲ್ಲಿ ಕೂರಬೇಕು.

ತೀರ್ಥಹಳ್ಳಿಯ ಗಾಡಿ ಅಂಗಡಿಯವರ ಮಾತೆಲ್ಲ ಸಿ.ಸಿ. ಮತ್ತು ಪವರಿನ ಬಗ್ಗೆ, ಅದೂ ಇವರ ಜೊತೆ. ನನ್ನ ಕಡೆ ತಿರುಗಿದ್ದು ಒಂದೇ ಸಲ: "ಮೇಡಂಗೆ ಹಿಂದೆ ಒರಗಿಕೊಳ್ಳೋಕೂ ಇದೆ ನೋಡಿ, ಆರಾಮಾಗಿ ಕೂರಬಹುದು." ಥ್ಯಾಂಕ್ಯೂ ಹೇಳಿ ಹೊರಬಂದೆ. ಕಾನ್ವೆಂಟಿನ ಅಭ್ಯಾಸ, ಸಿಟ್ಟು ಬಂದಾಗ ನನಗೆ ಥ್ಯಾಂಕ್ಯೂ ಇನ್ನೂ ಸ್ಪಷ್ಟವಾಗಿ ಬರುತ್ತದೆ.

ಸಾಗರದ ಅಂಗಡಿಯ ಮಾಲೀಕರನ್ನು ನಾನೇ ಮೊದಲು ಕೇಳಿದೆ: "ಏರಿನಲ್ಲಿ ನಿಲ್ಲಿಸಿ ನಾನು ಇಳಿದು ಹೋದ್ರೆ ಇದು ಅಲ್ಲೇ ನಿಂತಿರುತ್ತಾ?"

"ಏರಲ್ಲಿ ಯಾಕೆ ಇಳೀತೀರಿ ಮೇಡಂ? ಹತ್ತಿಸಿಬಿಡೋದಪ್ಪ!"

"ಉಣುಗೋಲಿದೆ."

ಅವರ ನಗು ಅಲ್ಲೇ ನಿಂತಿತು. ಅವರೂ ಹಳ್ಳಿಯ ಕಡೆಯವರೇ. ಅಂಗಡಿಯ ನುಣುಪು ನೆಲವನ್ನೊಮ್ಮೆ ನೋಡಿ, "ಇದನ್ನ ಇಲ್ಲಿ ತೋರ್ಸಕ್ಕಾಗಲ್ಲ ಮಾರಾಯ್ರೆ. ಎರಡು ಗಾಡಿ ಪಿಕಪ್ಪಲ್ಲಿ ಹಾಕ್ಕೊಂಡು ನಿಮ್ಮನೆಗೇ ಬರ್ತೀನಿ, ನಿಮ್ಮ ಏರಲ್ಲೇ ನೋಡಿ ತಗೊಳಿ" ಎಂದರು.

ಹಾಗೆ ಬಂದ ದಿನ ಅದು. ರೊಟ್ಟಿ ಹೆಂಚಿನ ಮೇಲಿದ್ದಾಗಲೇ ಪಿಕಪ್ ಬಂತು. ಎರಡನ್ನೂ ಹಲಗೆ ಇಟ್ಟು ಇಳಿಸಿದರು. ಒಂದು ದೊಡ್ಡದು, ಕೆಂಪು, ಇಬ್ಬರು ಕೂರುವಂಥದ್ದು. ಇನ್ನೊಂದು ಅದರ ಮರಿಯ ಹಾಗೆ, ಹಸಿರು, ಒಂದೇ ಸೀಟು. ಅತ್ತೆ ಜಗಲಿಯಿಂದ ಕುರ್ಚಿ ತರಿಸಿಕೊಂಡು ಉಣುಗೋಲು ಕಾಣುವ ಹಾಗೆ ಏರಿನ ಬುಡದಲ್ಲಿ ಕೂತರು, ಯಕ್ಷಗಾನಕ್ಕೆ ಕೂತ ಹಾಗೆ.

ದೊಡ್ಡದನ್ನು ಮೊದಲು ಇವರು ಹತ್ತಿದರು. ಗುಡುಗಿಕೊಂಡು ಉಣುಗೋಲಿನವರೆಗೆ ಹೋಗಿ ನಿಂತು, ಅಲ್ಲಿಂದಲೇ ಕೂಗಿದರು: "ಏ, ಗಳು ತೆಗಿಯೇ!"

ನಾನು ಒಂದು ಹೆಜ್ಜೆ ಇಟ್ಟೂ ಬಿಟ್ಟಿದ್ದೆ. ಅಷ್ಟರಲ್ಲಿ ಅತ್ತೆ, "ನಿಂಗೆ ಕೈ ಇಲ್ವನಾ?" ಎಂದು ಮಗನನ್ನು ಕೇಳಿದರು. ಸಾಗರದವರು ಟೈರು ನೋಡುವ ನೆಪದಲ್ಲಿ ಬಗ್ಗಿದರು.

ಇವರು ಇಳಿದರು, ತೆಗೆದರು, ದಾಟಿದರು, ಬ್ಯಾಣದಲ್ಲಿ ಒಂದು ಸುತ್ತು ಹಾಕಿ ಮುಖ ಅರಳಿಸಿಕೊಂಡು ಬಂದರು. "ಇದೇ ಇರ್ಲಿ ಮಾರಾಯ್ತಿ. ಇಬ್ರೂ ಹೋಗಬಹುದು. ಎಂಥಾ ಪವರು!" ಗಳು ಮೂರೂ ನೆಲದ ಮೇಲಿದ್ದವು. ನಾನು ಹೋಗಿ ಹಾಕಿ ಬಂದೆ. ಮಧ್ಯದ್ದನ್ನು ಅರ್ಧ ಸುತ್ತು ತಿರುಗಿಸಿ.

ಆಮೇಲೆ ಅದನ್ನು ನಾನೂ ಹತ್ತಿದೆ. ಸುಳ್ಳು ಹೇಳಬಾರದು, ಓಡುವಾಗ ಚೆನ್ನಾಗಿತ್ತು. ಬ್ರೇಕೂ ಹಿಡಿಯಿತು. ಆದರೆ ಏರಿನಲ್ಲಿ ಇಳಿಯುವಾಗ ಕಾಲಿಗೆ ನೆಲ ಸಿಗಲಿಲ್ಲ. ಮತ್ತೆ ಹತ್ತಲು ಹಿಂದಿನ ಸೀಟಿನ ಒರಗು ಅಡ್ಡ ಬಂತು. ಕಾಲು ಎತ್ತಿ ಹಾಕಲಾಗದೆ ಸಾಗರದವರು ಹ್ಯಾಂಡಲ್ ಹಿಡಿದುಕೊಳ್ಳಬೇಕಾಯಿತು. ಇನ್ನೊಬ್ಬರು ಹಿಡಿದುಕೊಳ್ಳಬೇಕಾದ ಗಾಡಿ ನನಗೆ ಬೇಡವಾಗಿತ್ತು.

ಹಸಿರು ಗಾಡಿ ಹತ್ತುವಾಗ ಕಾಲು ಎತ್ತಿದ್ದೇ ಗೊತ್ತಾಗಲಿಲ್ಲ. ಉಣುಗೋಲಿನ ಮುಂದೆ, ಏರು ತೀರ ಕಡಿದಾಗಿರುವ ಕಡೆಯೇ ಬೇಕೆಂದು ನಿಲ್ಲಿಸಿದೆ. ಎಡಗೈ ಬ್ರೇಕನ್ನು ಒತ್ತಿ, ಅದರ ಪುಟ್ಟ ಕೊಕ್ಕೆಯನ್ನು ಸಿಕ್ಕಿಸಿದೆ. ಟಕ್ ಎಂದಿತು. ಅಡುಗೆಮನೆಯ ಕಪಾಟಿನ ಚಿಲಕ ಬಿದ್ದಂಥ ಸದ್ದು. ಇಳಿದೆ.

ಸಾಗರದವರು ಓಡಿ ಬಂದು ಗಾಡಿಯ ಹಿಂದೆ ಕೈಯೊಡ್ಡಿ ನಿಂತರು. "ಹಿಂದೆ ನಿಲ್ಲಬೇಡಿ ಪ್ಲೀಸ್" ಎಂದೆ. "ನೀವಿದ್ರೆ ಅದು ನಿಂತಿದ್ದು ಬ್ರೇಕಿಗೋ ನಿಮಗೋ ನಂಗೆ ಗೊತ್ತಾಗಲ್ಲ."

ಅವರು ಸರಿದರು. ನಾನು ಗಾಡಿಗೆ ಬೆನ್ನು ಹಾಕಿ ಉಣುಗೋಲಿನ ಕಡೆಗೆ ನಡೆದೆ. ತಿರುಗಿ ನೋಡಬಾರದೆಂದು ನಿರ್ಧರಿಸಿದ್ದೆ. ಹಿಂದೆ ಕಲ್ಲು ಉರುಳಿದ ಸದ್ದು ಕೇಳುತ್ತದೆಯೇ ಎಂದು ಕಿವಿ ಮಾತ್ರ ಅಲ್ಲೇ ಇತ್ತು. ಇಂಜಿನ್ನು ಸಣ್ಣಗೆ ಗುಟುಗುಡುತ್ತಿತ್ತು, ಅಷ್ಟೇ. ಮೇಲಿನ ಗಳು, ಮಧ್ಯದ ಗಳು, ಕೆಳಗಿನ ಗಳು. ಬಂದು ನೋಡಿದರೆ ಚಕ್ರ ನಾನು ಬಿಟ್ಟ ಕಲ್ಲಿನ ಪಕ್ಕದಲ್ಲೇ ಇತ್ತು.

ಹತ್ತಿದೆ, ದಾಟಿದೆ. ಆಚೆಗೆ ನಿಲ್ಲಿಸಿ, ಕೊಕ್ಕೆ ಸಿಕ್ಕಿಸಿ, ವಾಪಸು ನಡೆದು ಬಂದೆ. ಅಷ್ಟರಲ್ಲಿ ನಮ್ಮ ಮನೆಯವರು ಏರು ಹತ್ತಿ ಬಂದು ಒಂದು ಗಳು ಎತ್ತಿಕೊಂಡು ನಿಂತಿದ್ದರು. ಪಾಪ, ಅಷ್ಟು ವರ್ಷದಲ್ಲಿ ಮೊದಲ ಸಲ. ಕೆಳಗಿನಿಂದ ಅತ್ತೆಯ ಧ್ವನಿ ಬಂತು: "ಬಿಡನಾ! ಅವಳೇ ಹಾಕ್ಲಿ, ಪರೀಕ್ಷೆ ಅವಳದ್ದು!"

ಅವರು ಗಳನ್ನು ಮೆಲ್ಲಗೆ ನನ್ನ ಕೈಗೆ ಕೊಟ್ಟರು. ನಾನು ಮೂರನ್ನೂ ಹಾಕಿದೆ. ಕಾನ್ವೆಂಟಿನಲ್ಲಿ ನಮ್ಮ ಹೊಲಿಗೆಯ ಸಿಸ್ಟರ್ ಕೋಣೆಯಿಂದ ಹೊರಟವರನ್ನು ವಾಪಸು ಕರೆದು ಬಾಗಿಲು ಹಾಕಿಸುತ್ತಿದ್ದರು. ಸದ್ದೂ ಆಗಬಾರದು, ಸಂದಿಯೂ ಉಳಿಯಬಾರದು. ಅವರು ಆ ಹೊತ್ತು ನೋಡಿದ್ದರೆ ತಲೆಯಾಡಿಸುತ್ತಿದ್ದರು ಎಂದುಕೊಂಡೆ. ಗಾಡಿ ಹತ್ತಿ ಬ್ಯಾಣದ ನೆತ್ತಿಯವರೆಗೆ ಹೋದೆ. ಅಲ್ಲಿಂದ ನಮ್ಮ ತಾರಸಿ, ಅದರ ಮೇಲೆ ನಾನು ಬೆಳಿಗ್ಗೆ ಹರವಿದ ಬಟ್ಟೆ, ಏರಿನ ಬುಡದಲ್ಲಿ ಅತ್ತೆಯ ಬಿಳಿ ತಲೆ ಎಲ್ಲ ಕಂಡವು. ಜಂಬ ಬಂತು. ಬಂದದ್ದನ್ನು ಬಂತೆಂದೇ ಬರೆಯುತ್ತೇನೆ.

"ಹಸಿರು" ಎಂದೆ, ಇಳಿದು ಬಂದ ಮೇಲೆ.

"ಒಂದೇ ಸೀಟು ಇರೋದು" ಎಂದರು ಇವರು. "ನಾನೆಲ್ಲಿ ಕೂರ್ಲಿ?"

"ನನ್ನ ಪಕ್ಕ ಕುರ್ಚಿ ಹಾಕ್ಕೋ" ಎಂದರು ಅತ್ತೆ.

ಇವರು ಜೋರಾಗಿ ನಕ್ಕುಬಿಟ್ಟರು. ಸಾಗರದವರಿಗೆ, "ಹಸಿರು ಬಿಟ್ಟು ಹೋಗಿ ಮಾರಾಯ್ರೆ, ಆಯ್ಕೆ ಅವಳದ್ದೇ ಅಂತ ಮೊದ್ಲೇ ಹೇಳಿದ್ದೆ" ಎಂದರು. ಸಾಗರದವರು ರೊಟ್ಟಿ ತಿನ್ನುತ್ತ, ಇನ್ನು ಮುಂದೆ ಹಳ್ಳಿಯವರು ಯಾರೇ ಗಾಡಿ ಕೇಳಿ ಬಂದರೂ ನಿಮ್ಮಲ್ಲಿ ಉಣುಗೋಲು ಇದೆಯಾ ಎಂದು ಮೊದಲು ಕೇಳುತ್ತೇನೆ ಎಂದರು. ಹೊಗಳಿಕೆಯೋ ತಮಾಷೆಯೋ, ಇನ್ನೆರಡು ರೊಟ್ಟಿ ಬಡಿಸಿದೆ.

ಊಟವಾದ ಮೇಲೆ ಅತ್ತೆ ಮಲಗಿದ್ದರು, ಇವರು ಕೋಣಂದೂರಿಗೆ ಹೋಗಿದ್ದರು. ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು, ಹೆಲ್ಮೆಟ್ಟು ಹಾಕಿಕೊಂಡು ಹೊರಟೆ. ನೋಡುವವರು ಯಾರೂ ಇರಲಿಲ್ಲ. ಇಳಿದೆ, ತೆಗೆದೆ, ದಾಟಿದೆ, ಇಳಿದೆ, ಹಾಕಿದೆ. ಬ್ಯಾಣದ ಅಂಚಿನಲ್ಲಿ ನೆಲ್ಲಿಮರದವರೆಗೆ ಹೋಗಿ, ನಾಲ್ಕು ನೆಲ್ಲಿಕಾಯಿ ಜೇಬಿಗೆ ಹಾಕಿಕೊಂಡು, ಹೋದ ದಾರಿಯಲ್ಲೇ ಬಂದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮೇಲ್ಮನೆ ಅಕ್ಕ ಹಾಲಿಗೆ ಹೆಪ್ಪು ಕೇಳಿಕೊಂಡು ಬಂದರು. ನಿಂತೇ ಇದ್ದರು, ದನ ಕಟ್ಟಬೇಕಿತ್ತಂತೆ. ಅಂಗಳದಲ್ಲಿದ್ದ ಹಸಿರು ಗಾಡಿಯ ಕಡೆಗೆ ಒಂದು ನೋಟವನ್ನೂ ಹಾಕಲಿಲ್ಲ. ಲೋಟಕ್ಕೆ ಮೊಸರು ಹಾಕಿಸಿಕೊಂಡು, ಮೆಟ್ಟಿಲಿಳಿಯುತ್ತ ಹೇಳಿದರು:

"ಮಧ್ಯಾಹ್ನ ಮೇಲೆ ಗಾಡಿ ಸದ್ದು ಕೇಳ್ತು. ದನ ಗದ್ದೆಗೆ ಇಳೀತು ಅಂತ ಕೋಲು ಹಿಡ್ಕೊಂಡು ಓಡಿದೆ ಮಾರಾಯ್ತಿ. ನೋಡಿದ್ರೆ ಮೂರು ಗಳೂ ಹಾಕಿದ್ವು. ಓ, ಇವತ್ತು ಹೋಗಿದ್ದು ಇವಳು ಅಂತ ಅಲ್ಲಿಂದ್ಲೇ ವಾಪಸ್ ಬಂದೆ."